ಜಜ್ಜಿದ ನಾಣ್ಯಕ್ಕೆ ‘ಅಪರೂಪ’ದ ಪಟ್ಟ ಬೇಡ

ಸಂಪಾದಕರಿಗೆ,

ಮಾನ್ಯರೇ,

ಕಾಸರಗೋಡಿನ ಕನ್ನಡಿಗರು ಓದುವ ಪತ್ರಿಕೆಗಳ ಸ್ಥಳೀಯ ಪುಟಗಳಲ್ಲಿ ಈಚೆಗೆ ಒಂದು ಬಗೆಯ ಚಿತ್ರಸುದ್ದಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದೆ. ಯಾರದೋ ಅಂಗೈಯಲ್ಲಿ ಒಂದು ನಾಣ್ಯವಿರುತ್ತದೆ. ಅದರ ಅಂಚು ತುಂಡಾಗಿರುತ್ತದೆ, ಇಲ್ಲವೇ ಅಕ್ಷರಗಳು ಅಳಿಸಿರುತ್ತವೆ, ಇಲ್ಲವೇ ಬಣ್ಣ ಕೆಂಪಗಾಗಿರುತ್ತದೆ. ಕೆಳಗೆ, ಟಂಕಸಾಲೆಯಲ್ಲಿ ತಪ್ಪಾಗಿ ಅಚ್ಚಾದ ಅಪರೂಪದ ನಾಣ್ಯ ಪತ್ತೆಯಾಗಿದೆಯೆಂದೂ ಸಂಗ್ರಾಹಕರು ಅದಕ್ಕೆ ಲಕ್ಷಗಟ್ಟಲೆ ಹಣ ಕೊಡುತ್ತಾರೆಂದೂ ಒಕ್ಕಣೆ ಇರುತ್ತದೆ. ಬಾಲ್ಯದಿಂದಲೂ ನಾಣ್ಯಗಳನ್ನು ಕೂಡಿಸಿ, ತೂಗಿ, ಭೂತಗನ್ನಡಿಯಲ್ಲಿ ನೋಡುತ್ತ ಬಂದಿರುವ ನಾನು ಈ ಚಿತ್ರಗಳಲ್ಲಿ ಬಹುಮಟ್ಟಿಗೆ ಕಂಡದ್ದು ಸುತ್ತಿಗೆಯ ಪೆಟ್ಟನ್ನು, ಆಮ್ಲದ ತಿನಿತವನ್ನು, ರೈಲುಗಾಲಿಯ ಒತ್ತಡವನ್ನು ಮತ್ತು ಹತ್ತಾರು ವರ್ಷಗಳ ಸವೆತವನ್ನು. ಟಂಕಸಾಲೆಯ ನಿಜವಾದ ದೋಷವನ್ನು ಇಂತಹ ಗಾಯಗಳಿಂದ ಬೇರ್ಪಡಿಸಿ ನೋಡುವ ಬಗೆಯನ್ನು ಓದುಗರ ಮುಂದಿಡುವುದು ಈ ಪತ್ರದ ಉದ್ದೇಶ. ಪತ್ರ ದೀರ್ಘವಾದರೂ ಪೂರ್ತಿಯಾಗಿ ಪ್ರಕಟಿಸಬೇಕೆಂದು ಕೋರುತ್ತೇನೆ, ಏಕೆಂದರೆ ಈ ವಿಷಯದಲ್ಲಿ ಜನರ ಅರೆಬರೆ ತಿಳಿವಳಿಕೆಯೇ ಮೋಸಗಾರರಿಗೆ ಬಂಡವಾಳವಾಗಿದೆ.

ನಮ್ಮ ದೇಶದ ನಾಣ್ಯಗಳು ಮುಂಬಯಿ, ಕೋಲ್ಕತ್ತ, ಹೈದರಾಬಾದ್ ಮತ್ತು ನೋಯ್ಡಾದ ನಾಲ್ಕು ಟಂಕಸಾಲೆಗಳಲ್ಲಿ ತಯಾರಾಗುತ್ತವೆ. ಲೋಹದ ಪಟ್ಟಿಯಿಂದ ಬಿಲ್ಲೆಗಳನ್ನು ಕತ್ತರಿಸಿ, ಅವುಗಳ ಅಂಚನ್ನು ಒತ್ತಿ ತುಸು ಎತ್ತರಿಸಿ, ಕಾಯಿಸಿ ಮೆದುಗೊಳಿಸಿ, ತೊಳೆದು, ಕೊನೆಗೆ ಎರಡು ಅಚ್ಚುಗಳ ನಡುವೆ ಇಟ್ಟು ಒತ್ತಲಾಗುತ್ತದೆ. ಒತ್ತುವ ಕ್ಷಣದಲ್ಲಿ ಬಿಲ್ಲೆಯ ಸುತ್ತ ಕಾಲರ್ ಎಂಬ ಉಕ್ಕಿನ ಉಂಗುರವಿದ್ದು, ಲೋಹ ಹೊರಕ್ಕೆ ಹರಿಯದಂತೆ ತಡೆಯುತ್ತದೆ. ಹೋಗಲು ಬೇರೆ ದಾರಿಯಿಲ್ಲದ ಲೋಹ ಅಚ್ಚಿನ ಕುಳಿಗಳೊಳಗೆ ಏರಿ ನಿಂತು ಅಕ್ಷರವಾಗುತ್ತದೆ, ಸಿಂಹವಾಗುತ್ತದೆ, ಇಸವಿಯಾಗುತ್ತದೆ. ಯಂತ್ರ ನಿಮಿಷಕ್ಕೆ ನೂರಾರು ನಾಣ್ಯಗಳನ್ನು ಹೊಡೆಯುವಾಗ ಈ ಯಾವುದೇ ಹಂತದಲ್ಲಿ ಎಡವಟ್ಟಾಗಬಹುದು, ಮತ್ತು ಹಾಗಾದ ನಾಣ್ಯ ತಪಾಸಣೆಯ ಕಣ್ಣು ತಪ್ಪಿಸಿ ಚೀಲ ಸೇರಬಹುದು. ಆದ್ದರಿಂದ ಟಂಕದೋಷಗಳು ಇರುವುದು ನಿಜ, ಅವುಗಳಿಗೆ ಆಸಕ್ತ ಸಂಗ್ರಾಹಕರಿರುವುದೂ ನಿಜ. ಆದರೆ ವಿಚಿತ್ರವಾಗಿ ಕಾಣುವ ಯಾವುದೇ ನಾಣ್ಯದ ಮುಂದೆ ಕೇಳಬೇಕಾದ ಪ್ರಶ್ನೆ ಒಂದೇ: ಮೇಲೆ ಹೇಳಿದ ಹಂತಗಳಲ್ಲಿ ಯಾವುದರಲ್ಲಿ ಹೀಗಾಗಿರಲು ಸಾಧ್ಯ? ಯಾವ ಹಂತವನ್ನೂ ತೋರಿಸಲಾಗದಿದ್ದರೆ ಆ ಗುರುತು ನಾಣ್ಯ ಹುಟ್ಟಿದ ಮೇಲೆ ಬಿದ್ದದ್ದು, ಅಂದರೆ ಅದು ಬರಿಯ ಗಾಯ.

ನಮ್ಮ ಜಿಲ್ಲೆಯಲ್ಲಿ ನಾಣ್ಯಗಳಿಗೆ ಗಾಯವಾಗುವ ದಾರಿಗಳು ಹೇರಳವಾಗಿವೆ. ಮಂಜೇಶ್ವರದಿಂದ ಉಪ್ಪಳ, ಕುಂಬಳೆ, ಕಾಸರಗೋಡು ದಾಟಿ ತೆಂಕಕ್ಕೆ ಹೋಗುವ ರೈಲುಹಳಿ ಊರುಗಳ ನಡುವೆಯೇ ಹಾದುಹೋಗುವುದರಿಂದ, ಹಳಿಯ ಮೇಲೆ ನಾಣ್ಯವಿಟ್ಟು ಚಪ್ಪಟೆ ಮಾಡುವ ಅಪಾಯಕಾರಿ ಆಟ ತಲೆಮಾರುಗಳಿಂದ ನಡೆದು ಬಂದಿದೆ. ಹಾಗೆ ಚಪ್ಪಟೆಯಾದ ನಾಣ್ಯ ಒಂದು ದಿಕ್ಕಿಗೆ ಎಳೆದಂತೆ ಉದ್ದವಾಗಿರುತ್ತದೆ, ಅಂಚು ತೆಳ್ಳಗಾಗಿ ಕೆಲವೊಮ್ಮೆ ಸೀಳಿರುತ್ತದೆ, ಎರಡೂ ಮುಖಗಳ ಚಿತ್ರ ನೆರಳಿನಷ್ಟು ಮಾತ್ರ ಉಳಿದಿರುತ್ತದೆ. ಕಾಲರ್ ಸರಿಯಾಗಿ ಕೂರದೆ ಹೊಡೆತ ಬಿದ್ದ ನಾಣ್ಯವೂ ಅಗಲವಾಗಿ ಹರಡಿಕೊಳ್ಳುವುದುಂಟು, ಮತ್ತು ಅದು ನಿಜವಾದ ಟಂಕದೋಷ. ಆದರೆ ಅದರ ಮೇಲಿನ ಚಿತ್ರ ಅಚ್ಚಿನಿಂದ ಆಗಷ್ಟೇ ಎದ್ದಂತೆ ಸ್ಪಷ್ಟವಾಗಿರುತ್ತದೆ, ಅಂಚಿನ ಗೀರುಗಳು ಮಾತ್ರ ಇರುವುದಿಲ್ಲ, ತೂಕ ನಿಗದಿತ ತೂಕಕ್ಕೆ ಸರಿಹೊಂದುತ್ತದೆ. ಚಿತ್ರ ಮಸುಕಾಗಿದೆಯೇ ಸ್ಪಷ್ಟವಾಗಿದೆಯೇ ಎಂಬುದನ್ನು ನೋಡಿದರೆ ಸಾಕು, ರೈಲು ಮಾಡಿದ್ದು ಯಾವುದು, ಯಂತ್ರ ಮಾಡಿದ್ದು ಯಾವುದು ಎಂಬುದು ಗೊತ್ತಾಗುತ್ತದೆ.

ಕಡಲ ಗಾಳಿಯ ಉಪ್ಪು, ಆರು ತಿಂಗಳ ತೇವ, ಕೆರೆಬಾವಿಗಳಿಗೆ ಹರಕೆಯಾಗಿ ಹಾಕಿದ ಚಿಲ್ಲರೆ, ದೇವರ ಕೋಣೆಯ ಎಣ್ಣೆ ಮತ್ತು ಕುಂಕುಮ ಇವೆಲ್ಲವೂ ನಾಣ್ಯದ ಮೈಯನ್ನು ಬದಲಿಸುತ್ತವೆ. ಹಳೆಯ ಅಲ್ಯೂಮಿನಿಯಮ್ ಪೈಸೆಗಳ ಮೇಲೆ ಬಿಳಿಯ ಪುಡಿಯೂ ಕುಳಿಗಳೂ ಏಳುತ್ತವೆ, ತಾಮ್ರ ಬೆರೆತವುಗಳ ಮೇಲೆ ಹಸುರು ಕಿಲುಬು ಹತ್ತುತ್ತದೆ, ಉಪ್ಪಿನ ಅಂಶ ಹೆಚ್ಚಿರುವಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಕೂಡ ಚುಕ್ಕೆಚುಕ್ಕೆಯಾಗಿ ತಿನ್ನಿಸಿಕೊಳ್ಳುತ್ತದೆ. ಇವುಗಳಿಗಿಂತ ಹೆಚ್ಚು ಗೊಂದಲ ಹುಟ್ಟಿಸುವುದು ಹುಣಸೆಹುಳಿ ಮತ್ತು ಆಮ್ಲ. ಹಿತ್ತಾಳೆಯ ದೀಪ ಬೆಳಗುವ ಕೈ ಅದೇ ಹುಳಿಯಲ್ಲಿ ಐದು ರೂಪಾಯಿಯ ಹಳದಿ ನಾಣ್ಯವನ್ನೂ ಉಜ್ಜಿಬಿಡುತ್ತದೆ. ಕೆಲವರು ಶೌಚಾಲಯ ತೊಳೆಯುವ ದ್ರವದಲ್ಲಿ ಅದ್ದಿಡುವುದನ್ನೂ ನಾನು ಕಂಡಿದ್ದೇನೆ. ಆ ನಾಣ್ಯದ ಲೋಹ ತಾಮ್ರ, ಸತು ಮತ್ತು ನಿಕಲ್ಲುಗಳ ಮಿಶ್ರಣ. ಬಲವಾದ ಆಮ್ಲ ಮೇಲ್ಪದರದ ಸತುವನ್ನು ಮೊದಲು ಕರಗಿಸಿ ಒಯ್ಯುವುದರಿಂದ ತಾಮ್ರದ ಕೆಂಪು ಮೇಲೆ ಉಳಿಯುತ್ತದೆ, ನಾಣ್ಯ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ‘ತಾಮ್ರದ ಐದು ರೂಪಾಯಿ’ ಎಂದು ಚಿತ್ರಸುದ್ದಿಗಳಲ್ಲಿ ಮೆರೆದ ನಾಣ್ಯಗಳ ಬಣ್ಣ ನನಗೆ ಇದೇ ಬಗೆಯದೆಂದು ತೋರಿತು. ಬೇರೊಂದು ಲೋಹದ ಬಿಲ್ಲೆ ತಪ್ಪಿ ಅಚ್ಚಿಗೆ ಹೋಗುವುದು ಅಸಾಧ್ಯವಲ್ಲ, ಆದರೆ ಆಗ ತೂಕ ಬೇರೆಯಾಗಬೇಕು, ಬಣ್ಣ ಅಕ್ಷರಗಳ ಸಂದಿಯಲ್ಲೂ ಅಂಚಿನಲ್ಲೂ ಒಂದೇ ಸಮನಾಗಿರಬೇಕು, ಮೈಮೇಲೆ ಟಂಕಸಾಲೆಯ ಸಹಜ ಹೊಳಪು ಇರಬೇಕು. ಆಮ್ಲಕ್ಕೆ ಸಿಕ್ಕಿದ ನಾಣ್ಯದ ಮೈ ಒರಟಾಗಿ, ಮಂಕಾಗಿ, ಸಣ್ಣ ರಂಧ್ರಗಳಿಂದ ಕೂಡಿರುತ್ತದೆ.

ಅಳಿಸಿದ ಅಕ್ಷರಗಳ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ಹೆಚ್ಚಿನ ಜನ ಎಡವುವುದು ಇಲ್ಲಿಯೇ. ಅಚ್ಚಿನ ಕುಳಿಯೊಳಗೆ ಜಿಡ್ಡು ಮತ್ತು ಲೋಹದ ಧೂಳು ಸೇರಿ ಗಟ್ಟಿಯಾದರೆ ಆ ಭಾಗಕ್ಕೆ ಲೋಹ ಏರುವುದಿಲ್ಲ, ಹಾಗಾಗಿ ‘ಭಾರತ’ ಎಂಬಲ್ಲಿ ಒಂದು ಅಕ್ಷರವೋ ಇಸವಿಯ ಒಂದು ಅಂಕಿಯೋ ಮೂಡದೆ ಹೋಗುತ್ತದೆ. ಇದು ನಿಜವಾದ ಟಂಕದೋಷವೇ, ಆದರೆ ಸಾಕಷ್ಟು ಸಾಮಾನ್ಯವಾದದ್ದು. ಇದರಲ್ಲಿ ಅಕ್ಷರ ಕಾಣೆಯಾದ ಜಾಗದ ಮೈ ಸುತ್ತಲಿನ ಮೈಯಂತೆಯೇ ನುಣುಪಾಗಿ ಹೊಳೆಯುತ್ತದೆ, ಪಕ್ಕದಲ್ಲೇ ಇರುವ ಇನ್ನೊಂದು ಅಕ್ಷರ ಹರಿತವಾಗಿ ನಿಂತಿರುತ್ತದೆ, ಚಿತ್ರದ ಅತಿ ಎತ್ತರದ ಭಾಗವಾದ ಸಿಂಹದ ಮುಖ ಮತ್ತು ಎದೆ ಕೆಡದೆ ಉಳಿದಿರುತ್ತವೆ. ಸವೆತ ಹೀಗೆ ನಡೆದುಕೊಳ್ಳುವುದಿಲ್ಲ. ಬಸ್ಸಿನ ಕಂಡಕ್ಟರರ ಚೀಲದಲ್ಲಿ, ಮೀನು ಮಾರುವವರ ಸೊಂಟದ ಗಂಟಿನಲ್ಲಿ, ಗೂಡಂಗಡಿಯ ಡಬ್ಬಿಯಲ್ಲಿ ವರ್ಷಗಟ್ಟಲೆ ಉರುಳಿದ ನಾಣ್ಯದಲ್ಲಿ ಮೊದಲು ಸವೆಯುವುದು ಎತ್ತರದ ಭಾಗ. ಅಂಚಿನ ಉಬ್ಬೂ ಸಿಂಹದ ಮುಖವೂ ಮೊದಲು ತಗ್ಗುತ್ತವೆ, ತಗ್ಗಿನಲ್ಲಿರುವ ಚಿಕ್ಕ ಅಕ್ಷರಗಳು ಎಲ್ಲಕ್ಕಿಂತ ಕೊನೆಗೆ ಅಳಿಸುತ್ತವೆ. ಎತ್ತರದ್ದು ಉಳಿದು ತಗ್ಗಿನದು ಹೋಗಿದ್ದರೆ ಸವೆತದ ಮಾತು ಬಿಡಬೇಕು. ಅರದಿಂದ ಉಜ್ಜಿ ತೆಗೆದ ಅಕ್ಷರವಾದರೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ಒಂದೇ ದಿಕ್ಕಿನ ಗೀರುಗಳು ಕಂಡೇ ಕಾಣುತ್ತವೆ, ಆ ಜಾಗ ತುಸು ತಗ್ಗಾಗಿಯೂ ಇರುತ್ತದೆ.

ಅಂಚಿನಲ್ಲಿ ಚಂದ್ರನ ಕಲೆಯಾಕಾರದ ತುಂಡು ಇಲ್ಲದ ನಾಣ್ಯಗಳನ್ನು ಕುರಿತು ಹೇಳುವುದಾದರೆ, ಅವು ಹುಟ್ಟುವ ಬಗೆ ಅಡುಗೆಮನೆಯವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಲಟ್ಟಿಸಿದ ಹಿಟ್ಟಿನಿಂದ ಡಬ್ಬಿಯ ಮುಚ್ಚಳದಲ್ಲಿ ಪೂರಿಗಳನ್ನು ಕತ್ತರಿಸುವಾಗ ಮುಚ್ಚಳ ಈಗಾಗಲೇ ಕತ್ತರಿಸಿದ ತೂತಿನ ಮೇಲೆ ತುಸು ಬಿದ್ದರೆ ಹೊಸ ಪೂರಿಯ ಒಂದು ಬದಿ ಕಚ್ಚಿದಂತೆ ಆಗುವ ಹಾಗೆ, ಲೋಹದ ಪಟ್ಟಿ ಸರಿಯಾಗಿ ಮುಂದೆ ಸರಿಯದಿದ್ದಾಗ ಬಿಲ್ಲೆಯ ಒಂದು ಬದಿ ಕೊರೆಯಾಗುತ್ತದೆ. ಈ ಬಿಲ್ಲೆ ಆಮೇಲೆ ಅಂಚು ಎತ್ತರಿಸುವ ಯಂತ್ರಕ್ಕೆ ಹೋದಾಗ ಕೊರೆಯಾದ ಜಾಗದಲ್ಲಿ ಒತ್ತಲು ಏನೂ ಇಲ್ಲದ್ದರಿಂದ, ಅದಕ್ಕೆ ನೇರ ಎದುರಿನ ಅಂಚಿನ ಮೇಲೂ ಸಾಕಷ್ಟು ಒತ್ತಡ ಬೀಳುವುದಿಲ್ಲ. ಹೀಗಾಗಿ ತುಂಡಾದ ಭಾಗದ ಎದುರುಬದಿಯಲ್ಲಿ ಅಂಚಿನ ಉಬ್ಬು ದುರ್ಬಲವಾಗಿ, ಕೆಲವೊಮ್ಮೆ ಪೂರಾ ಇಲ್ಲದೆ ಇರುತ್ತದೆ. ಸಂಗ್ರಾಹಕರು ಇಂತಹ ನಾಣ್ಯ ಕೈಗೆ ಬಂದಾಗ ಕೊರೆಯನ್ನು ಬಿಟ್ಟು ಮೊದಲು ಆ ಎದುರುಬದಿಯನ್ನು ನೋಡುವುದು ಇದಕ್ಕಾಗಿ. ಮತ್ತೊಂದು ಗುರುತು, ಕೊರೆಯ ಹತ್ತಿರದ ಅಕ್ಷರಗಳು ಆ ಕಡೆಗೆ ಹರಿದಂತೆ ಎಳೆದುಕೊಂಡಿರುತ್ತವೆ, ಏಕೆಂದರೆ ಹೊಡೆತದ ಕ್ಷಣದಲ್ಲಿ ಲೋಹಕ್ಕೆ ಆ ದಿಕ್ಕಿನಲ್ಲಿ ಖಾಲಿ ಜಾಗ ಸಿಕ್ಕಿತ್ತು. ಕತ್ತರಿಯಿಂದಲೋ ಗರಗಸದಿಂದಲೋ ನಂತರ ಕತ್ತರಿಸಿದ ನಾಣ್ಯದಲ್ಲಿ ಇವೆರಡೂ ಇರುವುದಿಲ್ಲ: ಎದುರಿನ ಅಂಚು ಗಟ್ಟಿಯಾಗಿ ನಿಂತಿರುತ್ತದೆ, ಅಕ್ಷರ ಕತ್ತರಿಸಿದ ಗೆರೆಯವರೆಗೂ ನೇರವಾಗಿ ಬಂದು ಥಟ್ಟನೆ ನಿಂತಿರುತ್ತದೆ, ಕತ್ತರಿಸಿದ ಬದಿಯನ್ನು ಉಗುರಿನಿಂದ ಸವರಿದರೆ ಹರಿತ ತಾಗುತ್ತದೆ.

ಸಂಗ್ರಾಹಕರು ‘ಲಖಿ’ ಎಂದು ಕರೆಯುವ ನಾಣ್ಯಗಳ ಬಗ್ಗೆ ಅತಿ ಹೆಚ್ಚಿನ ಆಸೆಯಿದೆ, ಅತಿ ಹೆಚ್ಚಿನ ನಕಲಿಯೂ ಅವುಗಳದ್ದೇ. ಹೊಡೆದ ನಾಣ್ಯ ಹೊರಗೆ ಬೀಳದೆ ಒಂದು ಅಚ್ಚಿಗೆ ಅಂಟಿಕೊಂಡರೆ, ಅದರ ಮೇಲೆ ಬಂದ ಮುಂದಿನ ಬಿಲ್ಲೆಗೆ ಒಂದು ಬದಿಯಲ್ಲಿ ನಿಜವಾದ ಅಚ್ಚು ತಾಗುತ್ತದೆ, ಇನ್ನೊಂದು ಬದಿಯಲ್ಲಿ ಅಂಟಿಕೊಂಡ ನಾಣ್ಯದ ಮುಖ ತಾಗುತ್ತದೆ. ಹೀಗಾಗಿ ಒಂದು ಬದಿಯಲ್ಲಿ ಸಿಂಹ ಎಂದಿನಂತೆ ಉಬ್ಬಿದ್ದರೆ, ಮತ್ತೊಂದು ಬದಿಯಲ್ಲಿ ಅದೇ ಸಿಂಹ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ, ಒಳಕ್ಕೆ ಕುಳಿಬಿದ್ದು ಕಾಣುತ್ತದೆ. ಇದನ್ನು ನಕಲು ಮಾಡುವವರು ಎರಡು ನಾಣ್ಯಗಳನ್ನು ಕಮ್ಮಾರನ ಹಿಡಿಕಟ್ಟಿನಲ್ಲಿ ಸೇರಿಸಿ ಬಿಗಿಯುತ್ತಾರೆ. ಒಂದರ ಮುದ್ರೆ ಮತ್ತೊಂದರ ಮೇಲೆ ತಿರುವುಮುರುವಾಗಿ ಬೀಳುವುದೇನೋ ಸರಿ, ಆದರೆ ಆ ಬದಿಯಲ್ಲಿ ಮೊದಲೇ ಇದ್ದ ಅಂಕಿ, ಇಸವಿ, ತೆನೆ ಇವೆಲ್ಲ ಎಲ್ಲಿಗೆ ಹೋಗಬೇಕು? ಅವು ಚಪ್ಪಟೆಯಾಗಿ, ಕುಳಿಬಿದ್ದ ಚಿತ್ರದ ಅಡಿಯಲ್ಲಿ ಉಳಿದೇ ಇರುತ್ತವೆ. ನಿಜವಾದ ಲಖಿಯಲ್ಲಿ ಆ ಬದಿಯಲ್ಲಿ ಬೇರೆ ಯಾವ ಮುದ್ರೆಯೂ ಎಂದೂ ಬಿದ್ದಿಲ್ಲದ ಕಾರಣ ಅಡಿಯಲ್ಲಿ ಏನೂ ಇರುವುದಿಲ್ಲ. ಇಂತಹ ನಾಣ್ಯವನ್ನು ಕೊಳ್ಳುವ ಮುನ್ನ ಕುಳಿಬಿದ್ದ ಬದಿಯನ್ನು ಓರೆ ಬೆಳಕಿನಲ್ಲಿ ಹಿಡಿದು ಈ ಪಳೆಯುಳಿಕೆಯನ್ನು ಹುಡುಕದವರು ಹಣ ಕಳೆದುಕೊಳ್ಳುತ್ತಾರೆ.

ಹತ್ತು ರೂಪಾಯಿಯ ಎರಡು ಲೋಹದ ನಾಣ್ಯ ಬಂದ ಮೇಲೆ ಹೊಸ ಬಗೆಯ ಕೈಚಳಕ ಶುರುವಾಗಿದೆ. ಹೊರಗಿನ ಉಂಗುರ ಮತ್ತು ನಡುವಣ ಬಿಲ್ಲೆ ಬೇರೆಬೇರೆಯಾಗಿ ತಯಾರಾಗಿ, ಅಚ್ಚೊತ್ತುವ ಹೊಡೆತದಲ್ಲಿಯೇ ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಬಿಸಿ ಮಾಡಿ ಬಡಿದರೆ ನಡುವಣ ಬಿಲ್ಲೆ ಕಳಚಿ ಬರುತ್ತದೆ. ಅದನ್ನು ತಿರುಗಿಸಿ ಮತ್ತೆ ಕೂರಿಸಿ, ‘ನಡುವಿನ ಸಿಂಹ ವಾಲಿದೆ, ಸುತ್ತಲಿನ ಅಕ್ಷರ ನೇರವಾಗಿದೆ’ ಎಂದು ಮಾರುವವರಿದ್ದಾರೆ. ಇದು ಟಂಕಸಾಲೆಯಲ್ಲಿ ಆಗಲು ಸಾಧ್ಯವೇ ಇಲ್ಲ. ಒಂದೇ ಅಚ್ಚು ಒಂದೇ ಹೊಡೆತದಲ್ಲಿ ನಡುವನ್ನೂ ಸುತ್ತನ್ನೂ ಮುದ್ರಿಸುವುದರಿಂದ, ನಡುವಣ ಚಿತ್ರಕ್ಕೂ ಸುತ್ತಲಿನ ಬರಹಕ್ಕೂ ಇರುವ ಕೋನ ಎಂದಿಗೂ ಬದಲಾಗುವುದಿಲ್ಲ. ನಿಜವಾದ ದೋಷದಲ್ಲಿ ನಡುವಣ ಬಿಲ್ಲೆ ಒಂದು ಬದಿಗೆ ಸರಿದು ಕೂತು, ಎರಡು ಲೋಹಗಳ ಗಡಿಗೆರೆ ಸೊಟ್ಟಗಾಗಿರುತ್ತದೆ, ಆದರೆ ಚಿತ್ರ ಮಾತ್ರ ಆ ಗಡಿಯನ್ನು ಲೆಕ್ಕಿಸದೆ ತನ್ನ ಜಾಗದಲ್ಲಿ ನೆಟ್ಟಗೆ ಬಿದ್ದಿರುತ್ತದೆ. ಈ ಒಂದು ಮಾತನ್ನು ನೆನಪಿಟ್ಟುಕೊಂಡರೆ ಹತ್ತು ಮತ್ತು ಇಪ್ಪತ್ತು ರೂಪಾಯಿಯ ನಾಣ್ಯಗಳ ಬಹುಪಾಲು ನಕಲಿಗಳನ್ನು ನಿಂತಲ್ಲೇ ಗುರುತಿಸಬಹುದು.

ಎರಡು ಮುಖಗಳ ನಡುವಿನ ವಾಲಿಕೆ ಬೇರೆಯ ವಿಷಯ, ಅದು ನಿಜವಾದ ದೋಷ. ಭಾರತದ ನಾಣ್ಯವನ್ನು ಸಿಂಹ ನೇರವಾಗಿರುವಂತೆ ಹಿಡಿದು, ಪುಸ್ತಕದ ಹಾಳೆ ಮಗುಚಿದಂತೆ ಪಕ್ಕಕ್ಕೆ ತಿರುಗಿಸಿದರೆ ಹಿಂದಿನ ಮುಖವೂ ನೇರವಾಗಿಯೇ ಕಾಣಬೇಕು. ಅಚ್ಚು ಸಡಿಲವಾಗಿ ತಿರುಗಿದ್ದರೆ ಹಿಂದಿನ ಮುಖ ವಾಲಿರುತ್ತದೆ, ಕೆಲವೊಮ್ಮೆ ಪೂರ್ತಿ ತಲೆಕೆಳಗಾಗಿರುತ್ತದೆ. ಅಲ್ಪಸ್ವಲ್ಪ ವಾಲಿಕೆಗೆ ಯಾವ ಬೆಲೆಯೂ ಇಲ್ಲ. ಪೂರಾ ತಲೆಕೆಳಗಾದದ್ದನ್ನು ಸಂಗ್ರಾಹಕರು ಇಷ್ಟಪಟ್ಟು ಕೊಳ್ಳುತ್ತಾರೆ, ಆದರೆ ಅಂಚಿನ ಸುತ್ತ ಎರಡು ನಾಣ್ಯಗಳನ್ನು ಸೇರಿಸಿದ ಬೆಸುಗೆಯ ಗೆರೆ ಇದೆಯೇ ಎಂದು ನೋಡಿಯೇ ಕೊಳ್ಳುತ್ತಾರೆ.

ದೋಷವೂ ಅಲ್ಲದ, ಗಾಯವೂ ಅಲ್ಲದ ಸಹಜ ವ್ಯತ್ಯಾಸಗಳನ್ನು ದೋಷವೆಂದು ತಿಳಿಯುವುದು ಇನ್ನೊಂದು ತೊಡಕು. ಇಸವಿಯ ಕೆಳಗೆ ಯಾವ ಗುರುತೂ ಇಲ್ಲದ ನಾಣ್ಯವನ್ನು ಹಿಡಿದು ‘ಚುಕ್ಕೆ ತಪ್ಪಿಹೋದ ನಾಣ್ಯ’ ಎಂದು ಸಂಭ್ರಮಿಸುವವರನ್ನು ನೋಡಿದ್ದೇನೆ. ಮುಂಬಯಿ ಟಂಕಸಾಲೆಯ ಗುರುತು ವಜ್ರಾಕೃತಿ, ಹೈದರಾಬಾದಿನದು ನಕ್ಷತ್ರ, ನೋಯ್ಡಾದ್ದು ದುಂಡು ಚುಕ್ಕೆ, ಕೋಲ್ಕತ್ತದ ನಾಣ್ಯಕ್ಕೆ ಗುರುತೇ ಇಲ್ಲ; ಆದ್ದರಿಂದ ಗುರುತಿಲ್ಲದ ನಾಣ್ಯಗಳು ಕೋಟಿಗಟ್ಟಲೆ ಇವೆ. ಹಾಗೆಯೇ ಹಳೆಯ ತಾಮ್ರ-ನಿಕಲ್ಲಿನ ಐದು ರೂಪಾಯಿ 9 ಗ್ರಾಂ ತೂಗುತ್ತಿದ್ದರೆ, 2007ರಲ್ಲಿ ಬಂದ ಸ್ಟೀಲಿನದು ಅದೇ 23 ಮಿಲಿಮೀಟರ್ ಅಗಲವಿದ್ದೂ 6 ಗ್ರಾಂ ಮಾತ್ರ. ಎರಡನ್ನೂ ಪಕ್ಕಪಕ್ಕ ಇಟ್ಟವರು ತೆಳುವಾದದ್ದನ್ನು ತಪ್ಪು ಬಿಲ್ಲೆಯೆಂದು ಭಾವಿಸುವುದು ಸಹಜ. ಹತ್ತು ರೂಪಾಯಿಯ ನಾಣ್ಯ 14 ವಿನ್ಯಾಸಗಳಲ್ಲಿ ಬಂದಿದೆಯೆಂದೂ ಎಲ್ಲವೂ ಚಲಾವಣೆಗೆ ಅರ್ಹವೆಂದೂ ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿ ಸ್ಪಷ್ಟಪಡಿಸಿದ ಮೇಲೂ, ಹತ್ತು ಗೆರೆಯದು ಅಸಲಿ, ಹದಿನೈದು ಗೆರೆಯದು ನಕಲಿ ಎಂಬ ಮಾತು ಅಂಗಡಿಗಳಲ್ಲಿ ಪೂರಾ ನಿಂತಿಲ್ಲ. ವೈಷ್ಣೋದೇವಿಯ ಚಿತ್ರವಿರುವ ನಾಣ್ಯ ಅಲ್ಲಿನ ಮಂದಿರ ಮಂಡಳಿಯ ರಜತ ವರ್ಷದ ನೆನಪಿಗೆ 2012ರಲ್ಲಿ ಹೊರಡಿಸಿದ ಸ್ಮಾರಕ ನಾಣ್ಯವೇ ಹೊರತು ದೋಷದ್ದೂ ಅಲ್ಲ, ಲಕ್ಷ ಬೆಲೆಯದ್ದೂ ಅಲ್ಲ.

ಹಳೆಯ ಕಾಲದ ನಾಣ್ಯಗಳಿಗೆ ಈ ಅಳತೆಗೋಲು ಸ್ವಲ್ಪ ಬದಲಾಗುತ್ತದೆ ಎಂಬುದನ್ನೂ ಹೇಳಲೇಬೇಕು, ಏಕೆಂದರೆ ಬೇಕಲ ಕೋಟೆಯ ಆಸುಪಾಸಿನ ಹಳೆಯ ಮನೆಗಳಲ್ಲಿ ಇಕ್ಕೇರಿ ವರಾಹವೋ ಟಿಪ್ಪುವಿನ ಆನೆಯ ಕಾಸೋ ಇನ್ನೂ ಉಳಿದಿರಬಹುದು. ಅವುಗಳನ್ನು ಕೈಯಿಂದ ಹೊಡೆಯಲಾಗುತ್ತಿತ್ತು. ಎಷ್ಟೋ ಬಾರಿ ಅಚ್ಚು ಬಿಲ್ಲೆಗಿಂತ ದೊಡ್ಡದಾಗಿರುತ್ತಿತ್ತು. ಆನೆಯ ಸೊಂಡಿಲು ಅಂಚಿನಾಚೆ ಹೋಗಿದ್ದರೆ, ಬರಹ ಅರ್ಧಕ್ಕೆ ನಿಂತಿದ್ದರೆ ಅದು ಆ ಕಾಲದ ನಾಣ್ಯಕ್ಕೆ ಸಹಜವೇ ಹೊರತು ಹೆಚ್ಚಿನ ಬೆಲೆ ತರುವ ದೋಷವಲ್ಲ. ರಾಣಿಯ ತಲೆಯಿರುವ ಬೆಳ್ಳಿಯ ರೂಪಾಯಿಗಳ ನೆತ್ತಿಯಲ್ಲಿ ಕಾಣುವ ಉಬ್ಬು ಮತ್ತು ಬೂದುಬಣ್ಣದ ಕಲೆ ಸರಕ್ಕೆ ಪೋಣಿಸಲು ಹಾಕಿದ ಕೊಂಡಿಯ ಬೆಸುಗೆಯದು; ಚಿಕ್ಕ ಮೊಳೆಗುರುತುಗಳು ಬೆಳ್ಳಿಯ ಪರೀಕ್ಷೆಗಾಗಿ ಚಿನಿವಾರರು ಹೊಡೆದವು. ನಮ್ಮ ಹಿರಿಯರು ಒಟ್ಟೆ ಮುಕ್ಕಾಲು ಎನ್ನುತ್ತಿದ್ದ ನಡುವೆ ತೂತಿರುವ ಕಾಸು ಯುದ್ಧಕಾಲದಲ್ಲಿ, 1943ರಿಂದ, ಲೋಹ ಉಳಿಸುವ ಸಲುವಾಗಿ ಹಾಗೆಯೇ ಹೊರಬಂದದ್ದು. ಅದರ ತೂತಿನ ಸುತ್ತ ಚಿತ್ರವೇ ಜಾಗ ಬಿಟ್ಟು ರಚನೆಯಾಗಿದೆ. ವರ್ಕ್‌ಶಾಪಿನಲ್ಲಿ ವಾಷರಿನ ಬದಲು ಬಳಸಲು ಕೊರೆದ ಒಂದು ರೂಪಾಯಿಯಲ್ಲಿ ತೂತು ಸಿಂಹವನ್ನೇ ಸೀಳಿಕೊಂಡು ಹೋಗಿರುತ್ತದೆ.

ಇಷ್ಟೆಲ್ಲ ಪರೀಕ್ಷೆಗೆ ಬೇಕಾಗುವ ಸಲಕರಣೆ ಸಾಮಾನ್ಯರ ಕೈಗೆಟುಕುವಂಥದ್ದೇ. ಒಂದು ಭೂತಗನ್ನಡಿ, ಗ್ರಾಮಿನ ನೂರನೆಯ ಭಾಗವನ್ನು ತೋರಿಸುವ ಚಿಕ್ಕ ತಕ್ಕಡಿ, ಒಂದು ಅಯಸ್ಕಾಂತ. 2011ರ ಸರಣಿಯ ಒಂದು ರೂಪಾಯಿ 3.79 ಗ್ರಾಂ, ಎರಡು ರೂಪಾಯಿ 4.85 ಗ್ರಾಂ, ಐದು ರೂಪಾಯಿ 6 ಗ್ರಾಂ, ಹತ್ತು ರೂಪಾಯಿ 7.71 ಗ್ರಾಂ ತೂಗಬೇಕು. ಒಂದು ಮತ್ತು ಎರಡು ರೂಪಾಯಿಯ ಸ್ಟೀಲ್ ನಾಣ್ಯಗಳು ಅಯಸ್ಕಾಂತಕ್ಕೆ ಅಂಟುತ್ತವೆ. ತಾಮ್ರದ್ದೆಂದು ಹೇಳಿ ತಂದ ಒಂದು ರೂಪಾಯಿ ಅಯಸ್ಕಾಂತಕ್ಕೆ ಅಂಟಿ, ತೂಕವೂ ಸ್ಟೀಲಿನದಕ್ಕೇ ಸರಿಹೊಂದಿದರೆ ಅದು ಮೇಲೆ ತಾಮ್ರದ ಲೇಪ ಕೊಟ್ಟ ಸ್ಟೀಲು, ಮುಂದೆ ನೋಡುವ ಅಗತ್ಯವಿಲ್ಲ.

ಈಗ ನನ್ನ ಮನಸ್ಸಿಗೆ ಅತ್ಯಂತ ನೋವುಂಟುಮಾಡುವ ಸಂಗತಿಗೆ ಬರುತ್ತೇನೆ. ಪತ್ರಿಕೆಯಲ್ಲಿ ಬಂದ ಇಂತಹ ಚಿತ್ರಗಳನ್ನು ಕತ್ತರಿಸಿ ಮೊಬೈಲಿನಲ್ಲಿ ಹಂಚುವವರ ಹಿಂದೆಯೇ ಮೋಸಗಾರರು ಬರುತ್ತಾರೆ. ‘ನಿಮ್ಮ ನಾಣ್ಯಕ್ಕೆ ಇಷ್ಟು ಲಕ್ಷ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಳುಹಿಸಿ’ ಎನ್ನುತ್ತಾರೆ. ಅದನ್ನು ಕಳುಹಿಸಿದ ಮೇಲೆ ತೆರಿಗೆ, ಆಮೇಲೆ ರಿಸರ್ವ್ ಬ್ಯಾಂಕಿನ ಅನುಮತಿಯ ಹೆಸರಿನಲ್ಲಿ ಇನ್ನೊಂದು ಮೊತ್ತ. ನಮ್ಮ ನೆರೆಯಲ್ಲಿ ಬೀಡಿ ಕಟ್ಟಿ ಉಳಿಸಿದ ಹಣವನ್ನು ಹೀಗೆ ಕಳೆದುಕೊಂಡ ತಾಯಿಯೊಬ್ಬರ ಕೈಯಲ್ಲಿದ್ದುದು ಅಂಚು ಜಜ್ಜಿದ ಸಾಮಾನ್ಯ ಎರಡು ರೂಪಾಯಿಯ ನಾಣ್ಯ. ಅವರಿಗೆ ಅದು ಬೆಲೆಬಾಳುವುದೆಂಬ ನಂಬಿಕೆ ಹುಟ್ಟಿದ್ದು ಪತ್ರಿಕೆಯ ಒಂದು ತುಣುಕಿನಿಂದ. ಹಳೆಯ ನೋಟು ಮತ್ತು ನಾಣ್ಯಗಳ ಮಾರಾಟಕ್ಕೆ ತಾನು ಯಾವ ಶುಲ್ಕವನ್ನೂ ಕಮಿಷನ್ನನ್ನೂ ಕೇಳುವುದಿಲ್ಲ, ತನ್ನ ಪರವಾಗಿ ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲಿಯೇ ಸಾರ್ವಜನಿಕರನ್ನು ಎಚ್ಚರಿಸಿದೆ. ಹಣ ಕಳುಹಿಸಿ ಮೋಸಹೋದವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ದೋಷದ ನಾಣ್ಯವನ್ನು ಮನೆಯಲ್ಲೇ ತಯಾರಿಸಲು ಹೊರಡುವವರಿಗೂ ಒಂದು ಮಾತು: ನಾಣ್ಯವನ್ನು ಕರಗಿಸುವುದು ಮತ್ತು ನಾಶಪಡಿಸುವುದು 2011ರ ನಾಣ್ಯ ಕಾಯಿದೆಯ ಪ್ರಕಾರ ಅಪರಾಧ, ಮತ್ತು ವಿರೂಪಗೊಳಿಸಿದ ನಾಣ್ಯಕ್ಕೆ ಅದರ ಮುಖಬೆಲೆಯ ಚಲಾವಣೆಯ ಹಕ್ಕೂ ಉಳಿಯುವುದಿಲ್ಲ.

ಗಡಿನಾಡಿನ ಕನ್ನಡಿಗರಲ್ಲಿ ಪತ್ರಿಕೆಯ ಮಾತಿಗೆ ಇಂದಿಗೂ ದೊಡ್ಡ ಬೆಲೆಯಿದೆ. ಅಚ್ಚಾಗಿ ಬಂದದ್ದು ನಿಜವೆಂದು ನಂಬುವ ಹಿರಿಯರು ನಮ್ಮ ಮನೆಗಳಲ್ಲಿದ್ದಾರೆ. ಆದ್ದರಿಂದ ಇಂತಹ ಸುದ್ದಿ ತಂದವರಿಂದ ನಾಣ್ಯದ ಎರಡೂ ಮುಖಗಳ ಮತ್ತು ಅಂಚಿನ ಚಿತ್ರವನ್ನು, ಗ್ರಾಮಿನಲ್ಲಿ ತೂಕವನ್ನು ಪಡೆದು, ನಾಣ್ಯಶಾಸ್ತ್ರ ಬಲ್ಲವರೊಬ್ಬರಿಗೆ ತೋರಿಸಿದ ನಂತರವೇ ಪ್ರಕಟಿಸುವ ಕ್ರಮವನ್ನು ತಮ್ಮ ವರದಿಗಾರರು ಇಟ್ಟುಕೊಳ್ಳಬೇಕೆಂದು ವಿನಂತಿಸುತ್ತೇನೆ. ನಿಜವಾಗಿ ಮಾರಾಟವಾದ ದಾಖಲೆ ಇಲ್ಲದಿದ್ದರೆ ಬೆಲೆಯ ಮಾತನ್ನು ಪೂರಾ ಕೈಬಿಡಬೇಕು. ನಿಜವಾದ ಟಂಕದೋಷಗಳಲ್ಲೂ ಬಹುಪಾಲಿನ ಬೆಲೆ ಮುಖಬೆಲೆಗಿಂತ ಹೆಚ್ಚಿದ್ದರೂ ಲಕ್ಷದ ಹತ್ತಿರಕ್ಕೂ ಸುಳಿಯುವುದಿಲ್ಲ. ನಾಣ್ಯ ಸಿಕ್ಕವರಿಗೆ ಅದನ್ನು ತೊಳೆಯದೆ, ಉಜ್ಜದೆ, ಸಿಕ್ಕ ಹಾಗೆಯೇ ಒಂದು ಕಾಗದದಲ್ಲಿ ಮಡಿಸಿ ತರುವಂತೆ ದಯವಿಟ್ಟು ಸುದ್ದಿಯ ಜೊತೆಗೇ ತಿಳಿಸಿರಿ. ಹುಳಿಯಲ್ಲಿ ಉಜ್ಜಿದ ಮೇಲೆ ಮೇಲ್ಮೈಯ ಹೊಳಪೂ ಲೋಹ ಹರಿದ ಗುರುತುಗಳೂ ಹೋಗಿಬಿಡುವುದರಿಂದ, ನಿಜವಾದ ಟಂಕದೋಷವನ್ನು ಕೂಡ ಸಾಬೀತುಪಡಿಸುವುದು ಕಷ್ಟವಾಗುತ್ತದೆ.

ಇತಿ ತಮ್ಮ ವಿಶ್ವಾಸಿ,
ನಾಣ್ಯ ಸಂಗ್ರಾಹಕರೊಬ್ಬರು
ಬದಿಯಡ್ಕ, ಕಾಸರಗೋಡು ಜಿಲ್ಲೆ